ಆಡು ಮೂಸಿ ಬಿಟ್ಟ ಸಸಿ

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮೂರಿನಲ್ಲಿ ಗಿಡವೆಂದರೆ ಗಿಡ, ಮಳೆಯೆಂದರೆ ಮಳೆ. ಎಲ್ಲವನ್ನೂ ಒಟ್ಟು ಸೇರಿಸಿ ಪರಿಸರ ಅನ್ನಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಶಾಲೆ ಬಿಟ್ಟರೆ ಸೀದಾ ಗಾಯರಾಣಕ್ಕೆ ಓಟ. ಸಂತೆಕಲ್ಲೂರಿನ ಆಚೆಗಿರುವ ನಮ್ಮಂಥ ಒಣಬೇಸಾಯದ ಊರುಗಳಲ್ಲಿ ದನ, ಆಡು, ಕುರಿ ಮೇಯಲೆಂದು ಬಿಟ್ಟ ಸರಕಾರಿ ಜಾಗಕ್ಕೆ ಹಾಗೆನ್ನುತ್ತಾರೆ. ಪಾಟಿಚೀಲವನ್ನು ಕಲ್ಲಿನ ಮೇಲೆ ಎಸೆದು ಆಣಿಕಲ್ಲು ಆಡುವುದು, ಚಳಿಗಾಲವಾದರೆ ಬಾರಿಹಣ್ಣು ಆರಿಸುವುದು, ಕೌಜುಗ ಪುರ್ರನೆ ಎದ್ದರೆ ಅದರ ಹಿಂದೆ ಓಡಿ ಮೊಣಕಾಲು ಕೆತ್ತಿಸಿಕೊಳ್ಳುವುದು. ಮಳೆ ಬಿದ್ದ ಮರುವಾರ ಚಿಗುರುತ್ತಿದ್ದ ಹುಲ್ಲಿನ ಹಸಿ ವಾಸನೆ, ಆಡುಗಳ ಮೈವಾಸನೆ, ನಾವು ಆಯಿ ಎನ್ನುತ್ತಿದ್ದ ಅಜ್ಜಿಯ ಬುತ್ತಿಯಿಂದ ಬರುತ್ತಿದ್ದ ಪುಂಡಿಪಲ್ಯದ ಹುಳಿ ವಾಸನೆ ಇವೆಲ್ಲ ಈಗಲೂ ನನ್ನ ಮೂಗಿನಲ್ಲಿವೆ.

ಇದನ್ನೆಲ್ಲ ಈಗ ನೆನೆಯಲು ಕಾರಣ ಸಿಟ್ಟು. ಸಿಂಧನೂರಿನಲ್ಲಿ ನನ್ನ ಮಗಳು ಓದುವ ಶಾಲೆಯಿಂದ ಮೊನ್ನೆ ಮೊಬೈಲಿಗೆ ಸಂದೇಶ ಬಂತು. ಭಾನುವಾರ ಕುಟುಂಬ ಸಮೇತ ಹಸಿರು ಬಟ್ಟೆ ಹಾಕಿಕೊಂಡು ಬರಬೇಕಂತೆ, ಮಕ್ಕಳಿಗೂ ಪೋಷಕರಿಗೂ 'ಮಣ್ಣು ಮುಟ್ಟುವ ಅನುಭವ' ಕೊಡುತ್ತಾರಂತೆ. ಸುತ್ತ ಭತ್ತದ ಗದ್ದೆ, ಕಾಲುವೆ, ಕೆಸರು ಇರುವ ಊರಿನಲ್ಲಿ ಮಣ್ಣು ಮುಟ್ಟಲು ಹೆಸರು ನೋಂದಾಯಿಸಬೇಕು. ನನ್ನ ಹತ್ತಿರ ಹಸಿರು ಸೀರೆ ಇಲ್ಲವೆಂದು ಮಗಳು ಬೆಳಗಿನಿಂದ ಮುಖ ಊದಿಸಿಕೊಂಡಿದ್ದಳು. ಇಂಥ ಕಾರ್ಯಕ್ರಮಗಳ ರುಚಿ ನನಗೆ ಹೊಸದಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಆ ವರ್ಷ ಶಾಲೆ ಶುರುವಾದ ಹದಿನೈದು ದಿನಕ್ಕೆ ಲಿಂಗಸುಗೂರಿನ ದಾರಿಯಿಂದ ಒಂದು ಜೀಪು ಬಂತು. ಅದರಿಂದ ಇಳಿದು ಶಾಲೆಯಲ್ಲಿ ಪರಿಸರ ಶಿಬಿರ ನಡೆಸಿದವರನ್ನು ನಾವು ಶಿಬಿರದ ಸರ್ ಎಂದೇ ಕರೆದೆವು. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ಕಣ್ಣು ಮುಚ್ಚಿ ಪ್ರಕೃತಿಯ ಸದ್ದು ಕೇಳಿ ಎಂದರು. ಮುಚ್ಚಿದೆವು, ಹಿಟ್ಟಿನ ಗಿರಣಿ ಕೇಳಿತು. ಬೇವಿನ ಮರವನ್ನು ತಬ್ಬಿಕೊಳ್ಳಿ ಎಂದರು. ತಬ್ಬಿದೆವು, ಇರುವೆ ಕಚ್ಚಿದವು. ಆಮೇಲೆ ನಮ್ಮನ್ನೆಲ್ಲ ಗಾಯರಾಣಕ್ಕೆ ಕರೆದೊಯ್ದು ನಿಲ್ಲಿಸಿ, "ನೋಡಿ ಮಕ್ಕಳೇ, ಎಷ್ಟು ಬೋಳಾಗಿದೆ ಈ ಭೂಮಿ," ಎಂದರು. ನಮ್ಮ ಕಾಲ ಕೆಳಗೆ ಮೊಣಕಾಲು ಮಟ್ಟ ಹುಲ್ಲಿತ್ತು. ಮರ ಇಲ್ಲದ್ದೆಲ್ಲ ಅವರಿಗೆ ಬೋಳು.

ಯೋಜನೆ ಇಷ್ಟು: ಪ್ರತಿ ಮಗುವೂ ಮನೆಯವರ ಜೊತೆ ಸೇರಿ ಒಂದು ಬನ್ನಿ ಸಸಿ ಬೆಳೆಸಬೇಕು, ಶ್ರಾವಣದಲ್ಲಿ ಊರವರೆಲ್ಲ ಕೂಡಿ ಅವನ್ನು ಗಾಯರಾಣದಲ್ಲಿ ನೆಡಬೇಕು. ಪರಿಸರ ಉಳಿಸಲು ಬೇಕಾದ ಕರಿ ಪ್ಲಾಸ್ಟಿಕ್ ಚೀಲಗಳ ಕಟ್ಟು ಜೀಪಿನಲ್ಲೇ ಬಂದಿತ್ತು. ಮನೆಗೆ ಬಂದು ಆಯಿಗೆ ಹೇಳಿದೆ. ಆಯಿ ಅಂದರೆ ನಮ್ಮ ಅಪ್ಪನ ತಾಯಿ, ಇಪ್ಪತ್ತು ಆಡುಗಳ ಯಜಮಾನಿ.

"ಬನ್ನಿ ಆದ್ರ ಚಲೋ ಆತು ಬಿಡು. ಅದರ ಬುಡಕ ಹುಲ್ಲು ಬರ್ತೈತಿ, ಎಲಿ ತಪ್ಪಲ ಆಡಿಗೆ ಆಗ್ತೈತಿ," ಎಂದು ಆಯಿ ನಿಜಕ್ಕೂ ಖುಷಿಪಟ್ಟಳು.

ಗೊಬ್ಬರ ಯಾರು ತರುತ್ತೀರಿ ಎಂದು ಹೆಡ್ ಮಾಸ್ತರು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಆಡಿನ ವಾಸನೆ ಬರುತ್ತದೆಂದು ಬೆಂಚಿನಲ್ಲಿ ನನ್ನ ಪಕ್ಕ ಕೂಡಲು ಹುಡುಗಿಯರು ಮೂಗು ಮುರಿಯುತ್ತಿದ್ದರು. ಆಡು ಸಾಕಿದ್ದರಿಂದ ನನಗೊಂದು ಮಾನ ಸಿಕ್ಕಿದ್ದು ಅದೇ ಮೊದಲು. ಆಯಿ ಬುತ್ತಿ ಕಟ್ಟಿಕೊಂಡು ಹೊರಡುವಾಗ ಹೇಳಿ ಹೋದಳು: "ತಿಪ್ಪಿ ತಳದಾಗಿಂದು ಅಗದು ಒಯ್ಯಿ. ಹಟ್ಟ್ಯಾಗಿನ ಹಿಕ್ಕಿ ಮುಟ್ಟಬ್ಯಾಡ. ಬ್ಯಾಸಿಗ್ಯಾಗ ಆಡು ಬರೇ ಜಾಲಿಕಾಯಿ ತಿಂದಾವ."

ಜಾಲಿಕಾಯಿ ತಿಂದರೇನಂತೆ? ಅದನ್ನು ಆಕೆ ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಳ್ಳಾರಿ ಜಾಲಿಯ ಹಳದಿ ಕಾಯಿ ಸಿಹಿ, ನಾವೂ ಚೀಪುತ್ತಿದ್ದೆವು. ಆಡು ಕಾಯಿಯನ್ನು ಅರಗಿಸಿಕೊಳ್ಳುತ್ತದೆ, ಬೀಜವನ್ನಲ್ಲ. ಹಿಕ್ಕಿಯ ಜೊತೆ ಬಿದ್ದ ಬೀಜ ನೀರು ಕಂಡೊಡನೆ ಮೊಳೆಯುತ್ತದೆ. ವರ್ಷಗಟ್ಟಲೆ ತಿಪ್ಪೆಯಲ್ಲಿ ಕೊಳೆತರೆ ಮಾತ್ರ ಸಾಯುತ್ತದೆ. ನಮ್ಮ ಕಡೆಯ ಹೊಲ ಮಾಡುವವರಿಗೆಲ್ಲ ತಿಳಿದ ಸಂಗತಿ. ಗಾಯರಾಣದಲ್ಲಿ ಅಂಥ ಮೊಳಕೆ ಕಂಡರೆ ಆಡು ಕಾಯುವವರು ಅಲ್ಲೇ ಕಿತ್ತೆಸೆಯುತ್ತಿದ್ದರು. ನನಗೆ ತಿಳಿದದ್ದು ಒಂದೇ: ತಿಪ್ಪೆಯ ತಳ ಅಗೆದರೆ ಗೊಬ್ಬರದ ಹುಳು ಬರುತ್ತವೆ, ಹೊಸ ಯೂನಿಫಾರ್ಮ್ ಹೊಲಸಾಗುತ್ತದೆ. ಹಟ್ಟಿಯಲ್ಲಿ ಒಣಗಿದ ಹಿಕ್ಕಿ ಹಗುರ. ಪೊರಕೆಯಿಂದ ಗುಡಿಸಿ ಎರಡು ಚೀಲ ತುಂಬಿ ಬಾಯಿ ಕಟ್ಟಿದೆ. ಅಪ್ಪ ಸೈಕಲ್ಲಿನ ಮೇಲೆ ಶಾಲೆಗೆ ಮುಟ್ಟಿಸಿದ. ಶಾಲೆಯ ಎಲ್ಲ ಚೀಲಗಳಿಗೂ ಬಿದ್ದದ್ದು ಅದೇ ಗೊಬ್ಬರ.

ಇನ್ನೊಂದು ತಮಾಷೆ ಕೇಳಿ. ಬನ್ನಿ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ನೆನೆಸಿ ಹಾಕಬೇಕು. ಹಾಗೆಂದು ಜೀಪಿನಲ್ಲಿ ಬಂದ ಹಾಳೆಯಲ್ಲಿ ಬರೆದಿತ್ತು. ಆ ಹಾಳೆಯನ್ನು ಹೆಡ್ ಮಾಸ್ತರು ಭಕ್ತಿಯಿಂದ ಆಫೀಸಿನ ಗೋಡೆಗೆ ಅಂಟಿಸಿದರು, ಯಾರೂ ಓದಲಿಲ್ಲ. ಬನ್ನಿ ಬೀಜ ಮಣ್ಣಿನಲ್ಲಿ ಆರಾಮವಾಗಿ ಮಲಗಿತು. ಎಂಟನೆಯ ದಿನ ಚೀಲಗಳಲ್ಲಿ ಹಸಿರು ತಲೆ ಎತ್ತಿದಾಗ ಇಡೀ ಶಾಲೆ ಕುಣಿಯಿತು. ಗೋಡೆಯ ಚಾರ್ಟಿನಲ್ಲಿ 'ಗೊಬ್ಬರ ದಾನಿ: ಗಂಗಾ' ಎಂದು ನನ್ನ ಹೆಸರು ಬಂತು. ಎದೆಗೊಂದು ಹಸಿರು ಬಿಲ್ಲೆ ಚುಚ್ಚಿದರು. ಮೂಗು ಮುರಿಯುತ್ತಿದ್ದ ಹುಡುಗಿಯರು ನನ್ನ ಪಕ್ಕ ಕೂಡಲು ಜಗಳವಾಡಿದರು. ಸ್ಕೇಲು ಹಿಡಿದು ದಿನಾ ಅಳೆದೆವು. ಸಸಿಗಳು ನಾಚಿಕೆಯಿಲ್ಲದೆ ಬೆಳೆದವು.

ಶ್ರಾವಣಕ್ಕೆ ಒಂದು ವಾರವಿರುವಾಗ ಸಸಿಯನ್ನು ಮನೆಗೆ ಒಯ್ದು 'ಕುಟುಂಬ ವೀಕ್ಷಣೆ' ಮಾಡಿಸಬೇಕೆಂದು ಒಂದು ನಮೂನೆ ಕೊಟ್ಟರು. ಮನೆಯವರೆಲ್ಲ ಸಸಿಯೊಂದಿಗೆ ಮಾತನಾಡಿದರೇ, ಹೌದು ಅಥವಾ ಇಲ್ಲ. ಸಸಿ ಕಂಡು ಅವರಿಗೆ ಏನನ್ನಿಸಿತು, ಎರಡು ಸಾಲು. ಆಯಿ ಚೀಲವನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಯವ್ವಾ, ಇದು ಬನ್ನಿ ಅಲ್ಲ."

"ಬನ್ನೀನ ಆಯಿ. ಎಲಿ ನೋಡು."

"ಎಲಿ ಸಣ್ಣಕ್ಕಿದ್ದಾಗ ಎರಡರದೂ ಒಂದ. ಮುಳ್ಳು ನೋಡು. ಬನ್ನಿದು ನಡುನಡುವ ಒಂದೊಂದು ಇರ್ತಾವ. ಇವು ಜೋಡಿ ಜೋಡಿ ಅದಾವು. ನನ್ನ ಮಾತು ಬ್ಯಾಡ, ಆಡಿಗೆ ಕೇಳು."

ಹಟ್ಟಿಯಿಂದ ಬಿಳಿಕಿವಿಯ ಆಡನ್ನು ಎಳೆದು ತಂದಳು. ನನ್ನ ನೋಟುಪುಸ್ತಕದ ರಟ್ಟನ್ನೂ ಬಿಡದ ಪ್ರಾಣಿ ಅದು. ಸಸಿಯ ಹತ್ತಿರ ಬಂದು ಮೂಸಿತು, ತುಟಿ ಅಲ್ಲಾಡಿಸಿತು, ಮುಖ ತಿರುಗಿಸಿ ಹೋಯಿತು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಮಾಡಿದವರು ಬಳ್ಳಾರಿ ಜಾಲಿಯ ಎಲೆ ಕಂಡಿರಲಿಲ್ಲ. ಬೀಜ ಎಲ್ಲಿಂದ ಬಂತು ಎಂದು ನನಗೆ ಆಗ ಹೊಳೆಯಿತು.

ಮರುದಿನ ಆಯಿ ಆಡುಗಳನ್ನು ಅಪ್ಪನಿಗೆ ಒಪ್ಪಿಸಿ, ತಲೆಯ ಸೆರಗು ಸರಿಮಾಡಿಕೊಂಡು ನನ್ನ ಜೊತೆ ಶಾಲೆಗೆ ಬಂದಳು. ಶಿಬಿರದ ಸರ್ ಕೂಡ ಅಲ್ಲಿದ್ದರು. ಹೆಡ್ ಮಾಸ್ತರು ಕುರ್ಚಿ ತೋರಿಸಿದರು, ಆಯಿ ಕೂಡಲಿಲ್ಲ.

"ಮಾಸ್ತರ್ರ, ಇವು ಬನ್ನಿ ಅಲ್ರಿ, ಜಾಲಿ ಅದಾವು. ಗಾಯರಾಣದಾಗ ಹಚ್ಚಬ್ಯಾಡ್ರಿ. ಒಮ್ಮಿ ಬೇರು ಬಿಟ್ರ ಹುಲ್ಲಿಗೆ ಜಾಗ ಇರಂಗಿಲ್ಲ."

ಶಿಬಿರದ ಸರ್ ಪುಸ್ತಕ ತೆರೆದು ತೋರಿಸಿದರು. "ನೋಡಿ ಅಜ್ಜಿ, ಬನ್ನಿ ಸಸಿಯ ಚಿತ್ರ. ನಮ್ಮ ಸಸಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ."

"ಚಿತ್ರಕ್ಕ ಆಡು ಬಾಯಿ ಹಾಕಂಗಿಲ್ರಿ," ಎಂದಳು ಆಯಿ. "ಬೀಜ ಗೊಬ್ಬರದಾಗ ಬಂದಾವು."

ಹೆಡ್ ಮಾಸ್ತರು ನಮ್ಮ ಕಡೆಯವರೇ, ಒಕ್ಕಲುತನದ ಮನೆಯವರು. ಆ ಮಾತಿಗೆ ಅವರ ಮುಖ ಬದಲಾಯಿತು. ನನ್ನ ಕಡೆ ತಿರುಗಿದರು. "ಗಂಗಾ, ಗೊಬ್ಬರ ನೀ ತಂದಾಕಿ. ಖರೇ ಹೇಳು, ತಿಪ್ಪಿದೋ ಹಟ್ಟಿದೋ? ಹಟ್ಟಿದು ಆಗಿದ್ರ ಇವತ್ತೇ ಎಲ್ಲಾ ಕಿತ್ತು ಸುಟ್ಟು ಹಾಕ್ತೀನಿ."

ಕಿಟಕಿಯಲ್ಲಿ ನನ್ನ ತರಗತಿಯ ಹುಡುಗಿಯರು ಸಾಲಾಗಿ ನಿಂತಿದ್ದರು. ಎದೆಯ ಮೇಲೆ ಬಿಲ್ಲೆ ಇತ್ತು. ಒಂದೇ ಒಂದು ಪದ ಹೇಳಬೇಕಿತ್ತು.

"ತಿಪ್ಪಿ ತಳದ್ದ್ರಿ ಸರ್," ಎಂದೆ.

ಆಯಿ ನನ್ನನ್ನು ನೋಡಿದಳು. ಹಟ್ಟಿಯ ನೆಲ ಅವತ್ತು ಕನ್ನಡಿಯಂತೆ ಗುಡಿಸಿದ್ದನ್ನು ಕಂಡವಳು ಆಕೆ, ತಿಪ್ಪೆಗೆ ಗುದ್ದಲಿ ಬಿದ್ದಿಲ್ಲವೆಂದು ಬಲ್ಲವಳು.

"ಹಂಗಾರ ನನ್ನ ಕಣ್ಣ ಸರಿ ಇಲ್ಲೇನೋ ಬಿಡ್ರಿ," ಎಂದು ಹೇಳಿ ಹೊರಟುಹೋದಳು.

ಸಂಜೆ ಮನೆಗೆ ಹೋಗಲು ಹೆದರಿ ಕತ್ತಲಾಗುವವರೆಗೆ ಶಾಲೆಯ ಕಟ್ಟೆಯ ಮೇಲೆ ಕೂತಿದ್ದೆ. ಬೈಗಳು ಬರಲಿಲ್ಲ, ಏಟೂ ಬೀಳಲಿಲ್ಲ. ಆಯಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ನಾನು ತಿಂದೆ.

ಸಸಿ ನೆಡುವ ದಿನ ಊರಿಗೆ ಊರೇ ಸೇರಿತ್ತು. ಎಲ್ಲರ ತಲೆಗೂ ಹಸಿರು ಕಾಗದದ ಟೋಪಿ. ಅಪ್ಪ, ಅವ್ವ, ನಾನು ಮೂವರೂ ಒಂದೇ ಸಸಿಗೆ ಕೈ ಹಚ್ಚಿ ಕ್ಯಾಮೆರಾ ಕಡೆ ನೋಡಬೇಕಾಗಿತ್ತು. ಕ್ಯಾಮೆರಾದವನು ತೃಪ್ತನಾಗುವವರೆಗೆ ಮೂರು ಸಲ ನೆಟ್ಟು ಎರಡು ಸಲ ಕಿತ್ತೆವು. ನಮ್ಮ ಹಿಂದೆ ನಿಂತ ಇಬ್ಬರು ರೈತರು ಮಾತಾಡಿಕೊಳ್ಳುತ್ತಿದ್ದರು.

"ಜಾಲಿ ಕಂಡಂಗ ಕಾಣ್ತೈತಲ್ಲೋ ಇದು?"

"ಸಾಲಿಯವ್ರು ಹಚ್ಚಾಕತ್ತಾರ, ನಮಗ್ಯಾಕ ಬೇಕು. ದೊಡ್ಡದಾದ್ರ ಕಟ್ಟಿಗಿ ಆತು."

ಇಷ್ಟೇ. ಕಣ್ಣಿದ್ದವರಿಗೆ ಉಸಾಬರಿ ಬೇಡ, ಹೇಳಿದವಳ ಮಾತು ಯಾರಿಗೂ ಬೇಡ. ಎಲ್ಲರಿಗೂ ಉಪ್ಪಿಟ್ಟು, ಬಾಳೆಹಣ್ಣು ಸಿಕ್ಕಿತು.

ಮರುವಾರ ಊರಲ್ಲಿ ಡಂಗುರ ಸಾರಿದರು: ಸಸಿಗಳನ್ನು ಆಡು ತಿನ್ನುತ್ತವಾದ್ದರಿಂದ ಎರಡು ವರ್ಷ ಗಾಯರಾಣಕ್ಕೆ ಬಿಡುವಂತಿಲ್ಲ. ಯಾವ ಆಡು ಮೂಸಿ ಬಿಟ್ಟಿತ್ತೋ ಅದರ ಮೇಲೆಯೇ ಅಪವಾದ. ಆಯಿ ರಸ್ತೆಯ ಅಂಚು, ಹಳ್ಳದ ದಂಡೆ ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಮೈಲಿಗಟ್ಟಲೆ ಆಡು ಹೊಡೆದುಕೊಂಡು ಹೋಗತೊಡಗಿದಳು. ಹಾಗೆ ಹೋಗುವ ಮೊದಲು ಒಂದು ದಿನ ಗಾಯರಾಣಕ್ಕೆ ನುಗ್ಗಿ ನನ್ನ ಹೆಸರಿನ ಫಲಕವಿದ್ದ ಸಸಿಯೊಂದನ್ನು ಮಾತ್ರ ಬೇರುಸಹಿತ ಅಗೆದು ತಂದಳು. ಉಳಿದವು ಯಾಕೆ ಬಿಟ್ಟೆ ಎಂದು ಅಪ್ಪ ಕೇಳಿದ್ದಕ್ಕೆ, "ನಮ್ಮ ಮನಿ ಹೆಸರಿಂದು ನಾ ಕಿತ್ತೀನಿ. ಮಂದಿದು ಮಂದಿಗೆ ಬಿಟ್ಟದ್ದು," ಎಂದಳು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ, ಗಿಡ ಕಿತ್ತ ಮನೆಯವಳೆಂದು ನನ್ನ ಬಿಲ್ಲೆಯನ್ನು ವಾಪಸ್ ಪಡೆದರು. ಯಾವುದಕ್ಕಾಗಿ ಸುಳ್ಳು ಹೇಳಿದ್ದೆನೋ ಅದೂ ಹೋಯಿತು.

ಮುಳ್ಳು ಬಲಿಯುವಷ್ಟರಲ್ಲಿ ಹೆಡ್ ಮಾಸ್ತರಿಗೆ ವರ್ಗವಾಯಿತು. ಜೀಪು ಮತ್ತೆ ಬರಲಿಲ್ಲ. ಗಿಡಗಳು ಕಾಯಿ ಬಿಡುವ ಹೊತ್ತಿಗೆ ನಿಷೇಧ ಮುಗಿದಿತ್ತು. ಊರ ಆಡುಗಳೆಲ್ಲ ಗಾಯರಾಣಕ್ಕೆ ಮರಳಿ, ಕಾಯಿ ತಿಂದು, ಮೂಲೆ ಮೂಲೆಗೂ ಬಿತ್ತಿದವು.

ಭಾನುವಾರ ಮಗಳ ಕಾರ್ಯಕ್ರಮಕ್ಕೆ ಹೋದೆ, ನೀಲಿ ಸೀರೆಯಲ್ಲೇ. ಕುಂಡಕ್ಕೆ ಗೊಬ್ಬರ ಹಾಕಿಸುತ್ತಿದ್ದ ಹುಡುಗಿಯನ್ನು, ಇದು ಎಲ್ಲಿಯದು, ಎಷ್ಟು ದಿನ ಕೊಳೆತದ್ದು ಎಂದು ಕೇಳಿದೆ. "ಪ್ಯಾಕೆಟ್‌ನಲ್ಲಿ ಬಂದಿದೆ ಮೇಡಂ," ಎಂದಳು. ಮಗಳು ನನ್ನ ಸೆರಗು ಜಗ್ಗಿ, "ಮಮ್ಮಿ, ಎಲ್ಲಾರೂ ನೋಡಾಕತ್ತಾರ, ಸುಮ್ನಿರು," ಎಂದಳು. ಸುಮ್ಮನಾಗಲಿಲ್ಲ. ಆ ಹುಡುಗಿ ಪ್ಯಾಕೆಟ್ ತಿರುಗಿಸಿ ಹುಡುಕಿದಳು, ಅದರಲ್ಲಿ ಬರೆದಿರಲಿಲ್ಲ. ಮನೆಗೆ ಮರಳುವಾಗ ಮಗಳು ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಕಳೆದ ಯುಗಾದಿಗೆ ಮಸ್ಕಿ ದಾಟಿ ಊರಿಗೆ ಹೋದಾಗ ಅವಳಿಗೆ ಗಾಯರಾಣ ತೋರಿಸಬೇಕೆಂದಿದ್ದೆ. ಒಳಗೆ ಕಾಲಿಡಲು ದಾರಿಯಿಲ್ಲ. ಎಲ್ಲಿ ನೋಡಿದರೂ ಜಾಲಿ, ಜಾಲಿಯ ಕೆಳಗೆ ಬರೀ ನೆಲ. ಹುಲ್ಲಿಲ್ಲ, ಬಾರಿಗಿಡವಿಲ್ಲ, ಕೌಜುಗದ ಸದ್ದಿಲ್ಲ. ಮಗಳು ರಸ್ತೆಯಲ್ಲೇ ನಿಂತು, "ಎಷ್ಟ್ ಹಸಿರೈತಿ ಮಮ್ಮಿ," ಎಂದು ಫೋಟೋ ಹೊಡೆದಳು. ಇಲ್ಲಿ ಏನಿತ್ತು ಎಂದು ಹೇಳಲು ಹೊರಟೆ. ಆಯಿ ಬೆರಳು ಮಾಡಿ ಕಲಿಸಿದ್ದ ಹುಲ್ಲುಗಳಲ್ಲಿ ಕರಿಕಿ, ಜೇಕು, ಕರಡ ಇಷ್ಟು ನೆನಪಾದವು, ಮುಂದಿನ ಹೆಸರು ಬರಲಿಲ್ಲ. ಕೇಳೋಣವೆಂದರೆ ಆಯಿ ಇಲ್ಲ.

ಆಕೆ ತೀರಿಕೊಳ್ಳುವ ಹಿಂದಿನ ವರ್ಷ ಧೈರ್ಯ ಮಾಡಿ ಕೇಳಿದ್ದೆ. "ನಾ ಸುಳ್ಳು ಹೇಳಿದ್ದು ನಿನಗ ಗೊತ್ತಿತ್ತಲ್ಲ ಆಯಿ, ಅಲ್ಲೇ ಯಾಕ ಹೇಳಲಿಲ್ಲ?"

"ಹತ್ತು ಮಂದ್ಯಾಗ ನಿನ್ನ ಮಾರಿ ಸಣ್ಣದು ಮಾಡ್ಲೇನು? ಹುಲ್ಲು ಏನ್ ಬಿಡು, ಇವತ್ತಿಲ್ಲ ನಾಳಿ ಬರ್ತೈತಿ ಅನ್ಕೊಂಡೆ," ಎಂದಿದ್ದಳು.

ಶಿಬಿರದವರ ಮೇಲೆ, ಮಾಸ್ತರರ ಮೇಲೆ, ಟೋಪಿ ಹಾಕಿಕೊಂಡು ಉಪ್ಪಿಟ್ಟು ತಿಂದ ಊರಿನ ಮೇಲೆ ಇಷ್ಟು ವರ್ಷ ಸಿಟ್ಟಾಗಿದ್ದೇನೆ. ನನ್ನ ಮೇಲಂತೂ ಸರಿಯೇ. ಆದರೆ ಆ ಮಾತು ನೆನೆದಾಗಲೆಲ್ಲ ಎಲ್ಲರಿಗಿಂತ ಹೆಚ್ಚು ಸಿಟ್ಟು ಬರುವುದು ಆಕೆಯ ಮೇಲೆಯೇ. ಹುಲ್ಲು ಬರಲಿಲ್ಲ ಆಯಿ. ಅವತ್ತು ಅಲ್ಲೇ ಬೆನ್ನಿಗೆ ಎರಡು ಬಿಗಿದು ನಿಜ ಹೇಳಿಸಬೇಕಿತ್ತು ನೀನು. ನಾಲ್ಕು ದಿನ ಅತ್ತು ಮರೆಯುತ್ತಿದ್ದೆ.