ಮೆಟ್ಟಿಲ ಕೆಳಗಿನ ಕೆಂಪು ಗಂಟು

2004ರ ಜೂನ್ 12, ಶನಿವಾರ. ಸಂಜೆ ಆರಕ್ಕೆ ಬರೆಯಲು ಕೂತೆ.

ಚಿತ್ತಾಪುರ ಬಜಾರಿನ ಹಳೆಯ ಕಲ್ಲಿನ ಕಟ್ಟಡದ ಹೊರಮೆಟ್ಟಿಲ ಕೆಳಗೆ ಒಬ್ಬ ದರ್ಜಿ ಕೂರುತ್ತಿದ್ದರು. ಕಮಾನಿನ ಒಳಗೆ ಕಿರಾಣಿ ಹೋಗಿ ಕ್ಯಾಸೆಟ್ ಅಂಗಡಿ ಬಂತು, ಅದೂ ಹೋಗಿ ಎಸ್‌ಟಿಡಿ ಬೂತ್ ಬಂತು. ದರ್ಜಿ ಮಾತ್ರ ಕದಲಲಿಲ್ಲ. ಏನು ಕೇಳಿದರೂ ಕನ್ನಡಕದ ಮೇಲಿಂದ ನೋಡಿ, "ನಂದೇನ್ ತಕರಾರ್ ಇಲ್ರೀ" ಎನ್ನುತ್ತಿದ್ದರು.

ಬೂತ್ ಹೋಗಿ ಹೋದ ವರ್ಷ ಬಂದ ಮೊಬೈಲ್ ಅಂಗಡಿಯವನಿಗೆ ದರ್ಜಿ ಕೂರುವ ಜಾಗದಲ್ಲಿ ಗಾಜಿನ ಕಪಾಟು ಇಡುವ ಆಸೆ.

"ಕಾಕಾ, ನಾಳಿಗಿ ಮಷೀನ್ ಎತ್ರಿ."

"ನಂದೇನ್ ತಕರಾರ್ ಇಲ್ಲಪ್ಪ. ಮೊದಲ ಅದನ್ನ ಇಳಸು."

ಮೆಟ್ಟಿಲ ಅಡಿಯಲ್ಲಿ ಕೆಂಪು ಬಟ್ಟೆಯ ಗಂಟು ತೂಗುತ್ತಿತ್ತು. ದೃಷ್ಟಿಯಾಗದಿರಲೆಂದು ಅಂಗಡಿಯವರು ಪೂಜೆ ಮಾಡಿ ಕಟ್ಟುವ ತೆಂಗಿನಕಾಯಿಯ ಗಂಟಿನಂತೆಯೇ ಇತ್ತು.

"ಯಾರ್ ಕಟ್ಯಾರ?"

"ಯಾರಿಗಿ ಗೊತ್ತು? ಕಿರಾಣಿಯವ್ರೂ ಮುಟ್ಲಿಲ್ಲ, ಕ್ಯಾಸೆಟ್‌ನವ್ರೂ ಮುಟ್ಲಿಲ್ಲ. ನೀ ಹೊಸಾ ಕಾಲದಾವ, ನಿನಗೇನ್ ಅಂಜಿಕಿ?"

ಅವನು ಸ್ಟೂಲು ತಂದ, ಹತ್ತಿದ, ಕೈ ಚಾಚಿದ, ಸುಮ್ಮನೆ ಇಳಿದ. ಕಪಾಟು ಒಳಗೇ ಉಳಿಯಿತು.

ಈ ಯುಗಾದಿಯ ಮುಂಚೆ ಪ್ಯಾಂಟ್ ಮೊಟಕು ಮಾಡಿಸಲು ಹೋಗಿದ್ದೆ. ಇಲಿ ಕಡಿದಿದ್ದ ಆ ಗಂಟು ನನ್ನ ಕಾಲ ಬಳಿಯೇ ಬಿದ್ದು, ಪುಟಿಯಿತು. ಒಳಗೆ ಹಳೆಯ ರಬ್ಬರ್ ಚೆಂಡು! ದರ್ಜಿ ಆಚೀಚೆ ನೋಡಿ, ಹೊಸ ಬಟ್ಟೆಯಲ್ಲಿ ಅದನ್ನು ಹೊಲಿದರು.

"ನೀವ್ ಎತ್ತರ ಅದೀರಿ. ಕಟ್ಟಿಬಿಡ್ರಿ."

"ನಾ ಯಾರಿಗರ ಹೇಳಿಬಿಟ್ರ?"

"ಹೇಳ್ರಿ. ಪ್ಯಾಂಟ್ ಇನ್ನಾ ನನ್ನ ಕೈಯಾಗ ಅದ."

ನಾನು ಕಟ್ಟಿದೆ.

ದರ್ಜಿ ಈಗ ವಾಡಿಯಲ್ಲಿ, ಮಗಳ ಮನೆಯಲ್ಲಿದ್ದಾರೆ. ಜಾಗ ಖಾಲಿಯಿದ್ದರೂ ಕಪಾಟು ಇನ್ನೂ ಹೊರಗೆ ಬಂದಿಲ್ಲ. ಸೇಡಂ, ಶಹಾಬಾದ್ ಕಡೆಯ ಅಂಗಡಿಗಳಲ್ಲಿ ಇಂಥ ಗಂಟು ಬಿಚ್ಚಿ ನೋಡಿದವರಿದ್ದರೆ ಒಳಗೇನಿತ್ತೆಂದು ನನಗೆ ಬರೆಯಿರಿ. ಮೊಬೈಲ್ ಅಂಗಡಿಯವನಿಗೆ ಮಾತ್ರ ಹೇಳಬೇಡಿ.