ಮರಿ ಬಿಡುವ ಹೊತ್ತು

ಹಿರಿಯೂರಿನಲ್ಲಿ ನಾನು ಕೆಲಸ ಮಾಡೋದು ಕನ್ನಡಕದ ಅಂಗಡಿಯಲ್ಲಿ. ಮೊನ್ನೆ ಒಬ್ಬ ಯಜಮಾನರು ಬಂದರು. ಅವರಿಗಿಂತ ಮೊದಲು ಅವರ ಹೆಗಲ ಮೇಲಿನ ಕಂಬಳಿಯ ವಾಸನೆ ಒಳಗೆ ಬಂತು. ಉಣ್ಣೆ, ಹಿಕ್ಕೆ, ಹಾಲು ಎಲ್ಲ ಸೇರಿದ ವಾಸನೆ ಅದು. ಮೂಗಿಗೆ ಬಡಿದ ಕೂಡಲೇ ನಮ್ಮೂರು ಆದಿವಾಲದ ಎದುರುಮನೆ ದೊಡ್ಡವ್ವ ನೆನಪಾದಳು. ನೆನಪಾದಳು, ಅಷ್ಟೆ. ಎದೆಯಲ್ಲಿ ಏನೂ ಆಗಲಿಲ್ಲ. ಈಚೆಗೆ ಯಾವುದಕ್ಕೂ ನನಗೆ ಹೀಗೇ, ಮರಗಟ್ಟಿದ ಹಾಗೆ...

ನಮ್ಮ ಅಂಗಡಿಯ ಬೋರ್ಡಿನ ಮೇಲೆ ದೃಷ್ಟಿ ಪರೀಕ್ಷೆ ಅಂತ ಬರೆದಿದೆ. ಬಂದವರು ಯಾರೂ ಆ ಮಾತು ಆಡಿದ್ದು ನಾನು ಕೇಳಿಲ್ಲ. ನಮ್ಮ ಕಡೆ ದೃಷ್ಟಿ ಅಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ತೆಗೆದು ಒಲೆಗೆ ಹಾಕೋದು. ಅದನ್ನು ಪರೀಕ್ಷೆ ಮಾಡಿಸೋಕೆ ಯಾರು ಬರ್ತಾರೆ! "ಕಣ್ಣು ಕಾಣಲ್ಲ ಕಣವ್ವ" ಅಂತಾರೆ. "ಈ ಕಡೆ ನೋಡ್ರಿ, ಕಾಣ್ತೈತಾ?" ಅಂತೀನಿ. ದಿನವಿಡೀ ಇದೇ ಮಾತು. ನೋಡೋದು ಮನುಷ್ಯರ ಕೆಲಸ, ಕಾಣೋದು ಕಣ್ಣಿನ ಪಾಡು. ಎರಡೂ ಬೇರೆ ಅಂತ ನನಗೆ ದೊಡ್ಡವ್ವನ ಮನೆ ಮುಂದೆ ಕುಂತಾಗಲೇ ಗೊತ್ತಾಗಿತ್ತು.

ದೊಡ್ಡವ್ವನ ಮನೆಯವರು ಕುರಿ ಸಾಕಿದ್ದರು. ಕುರಿಗಳು ಮೇಯಲು ಹೋದರೆ ಎಳೆ ಮರಿಗಳು ಮನೆ ಪಕ್ಕದ ದೊಡ್ಡಿಯಲ್ಲೇ ಉಳಿಯುತ್ತಿದ್ದವು. ಸಂಜೆ ಮಂದೆ ಬಂದಾಗ ಒಂದೊಂದೇ ಮರಿ ಎತ್ತಿ ಅದರ ತಾಯಿಗೆ ಬಿಡಬೇಕು. ಎಲ್ಲಾ ಒಂದೇ ಸಲ ಅರಚುತ್ತಿದ್ದವು, ಅಬ್ಬಬ್ಬಾ! ಬೇರೆ ಮರಿ ಹತ್ತಿರ ಬಂದರೆ ಕುರಿ ಗುದ್ದಿಬಿಡುತ್ತೆ. ಹಾಗಾಗಿ ಆ ಕೆಲಸ ದೊಡ್ಡವ್ವಂದೇ. ನೆತ್ತಿ ಮೂಸಿ ನೋಡೋಳು, ಕಿವಿ ಸವರಿ ನೋಡೋಳು, ಆಮೇಲೆ ಬಿಡೋಳು. ಅವಳು ನೋಡೋದೆಲ್ಲ ಮೂಗಲ್ಲೇ, ಕೈಯಲ್ಲೇ. ಪೊರೆ ಬಂದು ಎರಡು ಕಣ್ಣೂ ಮಂಜಾಗಿದ್ದು ಮನೆಯವರಿಗೆ ಬಹಳ ದಿನ ತಿಳಿಯಲೇ ಇಲ್ಲ. ಒಂದು ದಿನ ನಾನು ಮುಂದೆ ನಿಂತರೆ "ಯಾರವ್ವಾ?" ಅಂದಳು. ನಾನೇ ಅಂದೆ. "ಕಳ್ಳ ಬೆಕ್ಕು ಬಂದಂಗೆ ಬರ್ತೀಯಲ್ಲೇ, ಬಾಯಿಬಿಟ್ಟು ಬರಾಕೇನು ರೋಗ?" ಅಂತ ನನ್ನ ಕೆನ್ನೆ ಮುಟ್ಟಿ ನೋಡಿ ನನಗೇ ಬೈದಳು.

ಅವಳ ಮಗ ಕರೆಂಟು ತೆಗೆಯೋ ಗಾಳಿಫ್ಯಾನಿನ ಗುಡ್ಡದಲ್ಲಿ ಕಾವಲು ಕೆಲಸಕ್ಕೆ ಹೋಗುತ್ತಿದ್ದ. ಆಪರೇಷನ್ ಮಾಡಿಸ್ತೀನಿ ಬಾ ಅಂದರೆ, "ನಾನು ಆಸ್ಪತ್ರೇಲಿ ಮಲಗಿದ್ರೆ ಮರಿ ಯಾರು ಬಿಡ್ತಾರೆ?" ಅಂತ ಅವಳು ಒಪ್ಪಲಿಲ್ಲ. ಕುರಿಗಳ ಕಾಲಡಿ ಅವ್ವ ಎಲ್ಲಿ ಬಿದ್ದುಬಿಡ್ತಾಳೋ ಅಂತ ಅವನಿಗೆ ಭಯ. ಕೊನೆಗೆ ಮಂದೆ ಮಾರಿಬಿಡಾಣ ಅಂದ. ದೊಡ್ಡವ್ವ ರೇಗಿದಳು. "ಕಣ್ಣು ಕಾಣಲ್ಲ ಅಷ್ಟೆ ಕಣೋ. ನೋಡೋದು ಬಿಟ್ಟಿದೀನಾ? ನಾಳೆ ಸಂಜೆ ನಿಂತ್ಕಂಡು ನೋಡು. ಒಂದು ಮರಿ ತಪ್ಪಿದ್ರೂ ಮಾರ್ಕಳಪ್ಪ."

ಮಾರನೇ ದಿನ ಬೆಳಿಗ್ಗೆ ಒಂದು ಮರಿ ಸತ್ತಿತ್ತು. ದೊಡ್ಡಿಯಲ್ಲಿ ತಾಯಿಯಿಲ್ಲದ ತಬ್ಬಲಿ ಮರಿಯೊಂದಿತ್ತು. ಹೀಗಾದಾಗ ಕುರಿ ಸಾಕೋರು ಸತ್ತ ಮರಿಯ ಚರ್ಮವನ್ನು ತಬ್ಬಲಿಯ ಮೈಗೆಲ್ಲ ತಿಕ್ಕುತ್ತಾರೆ. ತನ್ನದೇ ಮರಿಯ ವಾಸನೆ ಅಂತ ಕುರಿ ಹಾಲು ಕೊಡುತ್ತೆ. ಮಂದೆ ಕಾಯುವವನು ಹಾಗೇ ತಿಕ್ಕಿಟ್ಟಿದ್ದ. ಮರಿ ಸತ್ತಿದ್ದನ್ನು ದೊಡ್ಡವ್ವನಿಗೆ ಹೇಳಿದ್ದರು. ತಿಕ್ಕಿದ್ದನ್ನು ಹೇಳಲು ಮರೆತಿದ್ದರು.

ಸಂಜೆ ನಾನು ಕಟ್ಟೆ ಮೇಲೆ ಕುಂತಿದ್ದೆ, ಮಗ ದೊಡ್ಡಿ ಹತ್ತಿರ ನಿಂತಿದ್ದ. ದೊಡ್ಡವ್ವ ಒಂದೂ ತಪ್ಪದೆ ಬಿಡುತ್ತಾ ಬಂದಳು. ಕೊನೆಗೆ ಆ ತಬ್ಬಲಿ ಅವಳ ಕೈಗೆ ಸಿಕ್ಕಿತು. ಮೂಸಿದಳು. ಮತ್ತೆ ಮೂಸಿದಳು. ಮುಖ ಅರಳಿಬಿಟ್ಟಿತು. "ಲೇ, ಸತ್ತೋತು ಅಂದ್ರಲ್ಲೋ, ಇಲ್ಲೇ ಐತಲ್ರೋ ಇದು!" ಅಂತ ಮರಿಯನ್ನು ಎದೆಗೆ ಅವುಚಿಕೊಂಡು ಅತ್ತಳು. ಸಂತೋಷಕ್ಕೆ...

ಮರಿಯನ್ನು ಅವಳು ಸರಿಯಾದ ಕುರಿಗೇ ಬಿಟ್ಟಳು, ಅದು ಹಾಲೂ ಕುಡಿಯಿತು. ಅದೇ ವಾಸನೆಗೆ ತಾಯಿಕುರಿಯೂ ಮೋಸಹೋಗಿತ್ತು. ಆದರೆ ಮಗ ತಲೆ ತಗ್ಗಿಸಿ, "ಸತ್ತಿದ್ದು ಯಾವ್ದು, ಬದುಕಿದ್ದು ಯಾವ್ದು ಅಂತ ಅವ್ವಂಗೆ ಗೊತ್ತಾಗ್ತಿಲ್ಲ" ಅಂದ. ಚರ್ಮ ತಿಕ್ಕಿದ್ದನ್ನು ಬಿಡಿಸಿ ಹೇಳಿದಾಗ ದೊಡ್ಡವ್ವ ವಾದ ಮಾಡಲಿಲ್ಲ. ಸೆರಗಲ್ಲಿ ಮುಖ ಒರೆಸಿಕೊಂಡು, "ಮಾರ್ಕಳಪ್ಪ" ಅಂದಳು.

ಆ ವಾರವೇ ಲಾರಿ ಬಂತು. ಆಮೇಲೆ ಆಪರೇಷನ್‌ಗೆ ಅಡ್ಡಿ ಏನಿತ್ತು? ಮಗ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾಡಿಸಿದ. ಕಪ್ಪು ಕನ್ನಡಕ ತೆಗೆದ ದಿನ ಓಣಿಯವರೆಲ್ಲ ಸೇರಿದ್ದೆವು. "ಕಾಣ್ತೈತೇನವ್ವ?" ಅಂದ ಮಗ. ಅವಳು ದೊಡ್ಡಿಯ ಕಡೆ ತಿರುಗಿದಳು. "ಗೂಟ ಕಾಣ್ತೈತೆ, ಬೇಲಿ ಕಾಣ್ತೈತೆ. ಎಲ್ಲಾ ಚೆನ್ನಾಗಿ ಕಾಣ್ತೈತೆ ಕಣಪ್ಪ" ಅಂದಳು. ಎದ್ದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆಮೇಲೆ ನಾನು ಹತ್ತಿರ ಹೋದರೆ ದೂರದಿಂದಲೇ ಗುರುತು ಹಿಡಿಯೋಳು, ಮಾತಾಡೋಳು. ಮೊದಲಿನ ಹಾಗೆ ಕೈ ಚಾಚಿ ನನ್ನ ಕೆನ್ನೆ ಮುಟ್ಟಿ ನೋಡಿದ್ದು ನೆನಪಿಲ್ಲ.

ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಮೊನ್ನೆ ಬಂದ ಯಜಮಾನರಿಗೆ ಕನ್ನಡಕ ಸರಿಹೊಂದಿತು. ಬಿಲ್ ಬರೆಯುತ್ತಾ ಸುಮ್ಮನೆ ಇರಲಾರದೆ, "ಮನೇಲಿ ಕುರಿ ಅವೇನ್ರಿ ಯಜಮಾನ್ರೆ?" ಅಂದೆ.

"ಅವೆ ಕಣವ್ವ. ಜಲ್ದಿ ಕೊಡು, ಮರಿ ಬಿಡೋ ಹೊತ್ತಿಗೆ ಮನೆ ಸೇರ್ಬೇಕು" ಅಂದರು.

ಬೇಗ ಬೇಗ ಕೊಟ್ಟು ಕಳಿಸಿದೆ. ಕಣ್ಣು ಬಂದ ಮೇಲೆ ನಮ್ಮ ದೊಡ್ಡವ್ವನಿಗೆ ಯಾವ ಅವಸರವೂ ಇರಲಿಲ್ಲ.