ದೊರೆಯ ಕುದುರೆಗೂ ಹೆಸರಿತ್ತು

ಹೋದ ಸೋಮವಾರ ಲಂಡನ್ನಿನ ಕೊಲಿಂಡೇಲಿನ ನನ್ನ ಫ್ಲ್ಯಾಟಿನಲ್ಲಿ ಮಜ್ಜಿಗೆ ಮೆಣಸಿನಕಾಯಿ ಕರಿಯಲು ಹೋಗಿ ಸ್ಮೋಕ್ ಅಲಾರ್ಮ್ ಕೂಗಿಸಿಬಿಟ್ಟೆ. ಎದುರು ಫ್ಲ್ಯಾಟಿನ ಗಂಡ ಹೆಂಡತಿ, ಬೆಂಗಳೂರಿನ ಹುಡುಗರೇ, ಬಾಗಿಲು ತೆರೆದು "ಆಂಟಿ, ಆರ್ ಯು ಓಕೆ?" ಎಂದು ಕೇಳಿ, ನಾನು ಹೂಂ ಅನ್ನುವಷ್ಟರಲ್ಲಿ ಮುಚ್ಚಿಕೊಂಡರು. ಟವೆಲ್ ಬೀಸಿ ಬೀಸಿ ಕೈ ಸೋತು ಹೋಯಿತು. ಕೊಬ್ಬರಿ ಎಣ್ಣೆಯಲ್ಲಿ ಆ ಮೆಣಸಿನಕಾಯಿ ಕಪ್ಪಾಗುವ ಮುನ್ನ ಒಂದು ಹುಳಿ ಘಾಟು ಬರುತ್ತದಲ್ಲ, ಅದು ಮಾತ್ರ ಸಂಜೆಯವರೆಗೂ ಹೋಗಲಿಲ್ಲ. ಟೂಟಿಂಗಿನ ಭಟ್ಟರ ಸೋಮವಾರದ ಘಾಟು ಅದು. ಹತ್ತು ಹನ್ನೆರಡು ವರ್ಷವೇ ಆಗಿರಬೇಕು...

ಆಗ ನಾನು ಟೂಟಿಂಗಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಗಂಡ ಮ್ಯಾಂಚೆಸ್ಟರಿನಲ್ಲಿ ಬೇರೆ ಮನೆ ಮಾಡಿಕೊಂಡ ವರ್ಷ ಅದು. ಏನಾಯಿತು, ಯಾಕಾಯಿತು ಅನ್ನುವುದು ಇಲ್ಲಿ ಬೇಡ. ಹೇಸ್‌ನಲ್ಲಿ ಒಂದು ಕಾರ್ಗೋ ಆಫೀಸಿನ ಕೆಲಸ, ಎರಡು ಕಡೆ ಗಾಡಿ ಬದಲಿಸಿ ಹೋಗಬೇಕು. ಶನಿವಾರ ಭಾನುವಾರ ಡ್ಯೂಟಿ, ಸೋಮವಾರ ರಜೆ. ಊರೆಲ್ಲ ಕೆಲಸಕ್ಕೆ ಹೋದ ದಿನ ರಜೆ ಇದ್ದರೆ ಏನು ಸುಖ ಹೇಳಿ? ಶುಕ್ರವಾರ ಆಫೀಸಿನಿಂದ ಹೊರಡುವಾಗ ಎಲ್ಲರೂ ವೀಕೆಂಡ್ ಎಂದು ಕುಣಿಯುತ್ತಿದ್ದರೆ ನನಗೆ ಮೈ ಉರಿಯುತ್ತಿತ್ತು. ಸೋಮವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕನ್ನಡದ ಮಾತು ಬಾಯಿಂದ ಬೀಳದೆ ದಿನ ಕಳೆಯುತ್ತಿತ್ತು.

ಭಟ್ಟರು ನಾನು ದೋಸೆ ತಿನ್ನುತ್ತಿದ್ದ ಹೋಟೆಲಿನ ಅಡುಗೆಯವರು. ಕುಂದಾಪುರದ ಕಡೆಯವರು, ಅರವತ್ತು ದಾಟಿದ್ದರು. ಮದುವೆಯಾದವರಲ್ಲ, ಒಡಹುಟ್ಟಿದವರಿಲ್ಲ. ಹೋಟೆಲಿನ ಮೇಲಿನ ಕೋಣೆಯಲ್ಲೇ ವಾಸ. ಮಾಲೀಕರಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರಿಗೂ ಅವರು ಭಟ್ಟರೇ. ಸೋಮವಾರ ಹೋಟೆಲಿಗೆ ರಜೆ ಎಂದು ತಿಳಿಯದೆ ಒಂದು ಚಳಿಗಾಲದ ಮಧ್ಯಾಹ್ನ ಹಸಿದು ಬಾಗಿಲು ಬಡಿದಿದ್ದೆ. ಅರ್ಧ ಶಟರ್ ಎತ್ತಿ ಇಣುಕಿದವರು ಹಸಿವು ಮುಖದಲ್ಲೇ ಓದಿಕೊಂಡಿರಬೇಕು, ಒಳಗೆ ಕರೆದು ಕುಚ್ಚಲಕ್ಕಿ ಗಂಜಿ, ಕರಿದ ಮಜ್ಜಿಗೆ ಮೆಣಸು ಬಡಿಸಿದರು. ಉಂಡು ಮುಗಿಸುವ ತನಕ ಕಾದು ನಿಂತು ಕೇಳಿದರು.

"ನಿಂಗೆ ಇಂಗ್ಲೀಷ್ ಓದುಕೆ ಬತ್ತಾ?"

ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಧಾರವಾಡದಲ್ಲಿ ಎರಡು ಡಿಗ್ರಿ ಮುಗಿಸಿದವಳು ನಾನು! "ಭಟ್ಟರ, ಇಂಗ್ಲೀಷ್ ಬರಲಾರದ ಲಂಡನ್ನಿಗೆ ಹೆಂಗ್ ಬರ್ತೀನ್ರೀ?" ಎಂದೆ. ಅವರು ಬೇಸರಪಡಲಿಲ್ಲ. "ನಾ ಬಂದೆ ಅಲ್ದಾ" ಎಂದು ಮೇಲಿನ ಕೋಣೆಗೆ ಹೋಗಿ ಮೂರು ದಪ್ಪ ಪುಸ್ತಕ ಹೊತ್ತು ತಂದು ಟೇಬಲ್ಲಿನ ಮೇಲಿಟ್ಟರು.

ಒಬ್ಬ ಬಿಳಿ ವಕೀಲ ದೊರೆ ತನ್ನ ಬದುಕಿನ ಬಗ್ಗೆ ತಾನೇ ಬರೆದ ಪುಸ್ತಕಗಳು. ಹಳೆ ಪುಸ್ತಕದಂಗಡಿಯವನಿಗೆ ಹೇಳಿಟ್ಟು ತರಿಸಿದ್ದರಂತೆ. ಇಪ್ಪತ್ತೈದರ ಹರೆಯದಲ್ಲಿ ಮಂಗಳೂರಿಗೆ ಬಂದ ಬ್ಯಾರಿಸ್ಟರು, ಗೇಣಿ ಜಮೀನಿನ ವ್ಯಾಜ್ಯಗಳಲ್ಲಿ ಹೆಸರು ಮಾಡಿದ. ಆಮೇಲೆ ಕರಿ ಕೋಟು ಕಳಚಿ, ಒಂದು ನದಿ ಹುಟ್ಟುವ ಜಾಗ ಹುಡುಕುತ್ತೇನೆ ಎಂದು ಆಫ್ರಿಕಕ್ಕೆ ಹೋದ. ಒಂದಲ್ಲ, ಮೂರು ಸಲ. ಕೊನೆಗೆ ಲಂಡನ್ನಿಗೆ ಮರಳಿ ಭಾಷಣ, ಸನ್ಮಾನ, ಪಾರ್ಲಿಮೆಂಟು... ದೊಡ್ಡ ಮನುಷ್ಯನಾಗಿಯೇ ಸತ್ತ. ಅವನ ಜೊತೆ ಮಂಗಳೂರಿನಿಂದ ಹೊರಟ ಅಡುಗೆಯವನು ನಮ್ಮ ಭಟ್ಟರ ಮುತ್ತಜ್ಜ.

ಹಡಗು ಹತ್ತಿದ, ಮ್ಲೇಚ್ಛನಿಗೆ ಬೇಯಿಸಿ ಹಾಕಿದ ಎಂದು ಮುತ್ತಜ್ಜನನ್ನು ಜಾತಿಯಿಂದ ಹೊರಗಿಟ್ಟಿದ್ದರಂತೆ. ಮನೆಯಲ್ಲಿ ಅವರ ಹೆಸರು ಎತ್ತುವ ಹಾಗಿರಲಿಲ್ಲ. ಎತ್ತದೆ ಎತ್ತದೆ ಹೆಸರೇ ಮರೆತುಹೋಯಿತು, ದೊರೆಯ ಹೆಸರು ಮಾತ್ರ ಉಳಿಯಿತು. ಆದರೆ ಮಹಾಲಯ ಅಮಾವಾಸ್ಯೆಗೆ ಎಳ್ಳುನೀರು ಬಿಡುವಾಗ ಅಪ್ಪ, ಅಜ್ಜ, ಮುತ್ತಜ್ಜ, ಮೂವರ ಹೆಸರೂ ಹೇಳಬೇಕು. ಭಟ್ಟರ ಅಪ್ಪ ಆ ಜಾಗ ಬಂದಾಗ ಬಾಯಲ್ಲೇ ಏನೋ ಗೊಣಗಿ ಮುಂದೆ ಹೋಗುತ್ತಿದ್ದರಂತೆ. ಭಟ್ಟರೂ ಹಾಗೇ ನುಂಗುತ್ತಾ ಬಂದಿದ್ದರು. ಹೆಸರು ಗೊತ್ತಿಲ್ಲದಿದ್ದರೆ ದೇವರ ಹೆಸರು ಹೇಳಿದರೆ ಸಾಕು ಎಂದು ಪುರೋಹಿತರು ಸಮಾಧಾನ ಹೇಳಿದ್ದುಂಟು.

"ದೇವ್ರ್ ಹೆಸ್ರಲ್ಲಿ ಕರದ್ರೆ ದೇವ್ರ್ ಬತ್ರ್. ಅಜ್ಜ ಬಪ್ಪುದಿಲ್ಲೆ ಮಾರಾಯ್ತಿ" ಎಂದರು ಭಟ್ಟರು.

ತಾನು ಕಣ್ಣು ಮುಚ್ಚುವುದರೊಳಗೆ ಒಂದು ಸಲವಾದರೂ ಮುತ್ತಜ್ಜನನ್ನು ಹೆಸರು ಹಿಡಿದು ಕರೆಯಬೇಕು. ಭಟ್ಟರಿಗೆ ಇದ್ದದ್ದು ಇದೊಂದೇ ಆಸೆ. ಮೂರು ಸಂಪುಟದಲ್ಲಿ ಎಲ್ಲೋ ಒಂದು ಕಡೆ ಆ ಹೆಸರು ಇದ್ದೇ ಇರುತ್ತದೆ ಎಂದು ನಂಬಿದ್ದರು. ಹೀಗೆ ನನ್ನ ಸೋಮವಾರಗಳು ಶುರುವಾದವು.

ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಮರುದಿನಕ್ಕೆ ಈರುಳ್ಳಿ ಸುಲಿಯುತ್ತಾ ಕೇಳುವುದು. ಪ್ರತಿ ಅಧ್ಯಾಯ ಮುಗಿದಾಗಲೂ ಚಾಕು ನಿಲ್ಲಿಸಿ "ಹೆಸ್ರ್ ಬಂತಾ?" ಎನ್ನುವರು. "ಇಲ್ರಿ ಭಟ್ಟರ, ಇದರಾಗೂ ಇಲ್ಲ." ಚಾಕು ಮತ್ತೆ ಶುರು.

ಅಬ್ಬಾ, ಆ ದೊರೆಯ ಮೇಲೆ ನನಗೆ ಬಂದ ಸಿಟ್ಟು! ಅವನೇನು ಕೆಟ್ಟವನಲ್ಲ, ನಿಜ ಹೇಳಬೇಕು. ಬಡ ಗೇಣಿದಾರರ ಪರ ಫೀಸಿಲ್ಲದೆ ವಾದಿಸಿದವನು. ಕೋರ್ಟಿನಲ್ಲಿ ಒಬ್ಬ ಸಾಕ್ಷಿಯ ಹೆಸರು, ಅವನ ಅಪ್ಪನ ಹೆಸರು ಒಮ್ಮೆ ಕೇಳಿದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದ. ಅವನ ಕುದುರೆಗೆ ಹೆಸರಿತ್ತು, ನಾಯಿಗೆ ಹೆಸರಿತ್ತು, ನದಿ ದಾಟಿದ ದೋಣಿಗೂ ಒಂದು ಹೆಸರಿಟ್ಟಿದ್ದ. ಕುದುರೆ ಸತ್ತಾಗ ಎರಡು ಪುಟ ಅತ್ತಿದ್ದ. ಅಡುಗೆಯವನು ಮಾತ್ರ ಎಲ್ಲ ಕಡೆ "ನನ್ನ ಅಡುಗೆಯವನು." ಇವನ ಬಾಯಿಗೆ ಮಣ್ಣು ಬೀಳಲಿ ಎಂದು ಒಂದು ಸಲ ಪುಸ್ತಕ ಕುಕ್ಕಿದ್ದೆ. ಭಟ್ಟರು ಅದನ್ನೆತ್ತಿ ಪಂಚೆಯಿಂದ ಒರೆಸಿ ಮತ್ತೆ ನನ್ನ ಮುಂದಿಟ್ಟರು.

ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಯಾಕೆಂದರೆ ಹೆಸರಿಲ್ಲದಿದ್ದರೂ ಮುತ್ತಜ್ಜ ಅಲ್ಲಲ್ಲಿ ಅವರಿಗೆ ಸಿಗುತ್ತಿದ್ದರು. ಆಫ್ರಿಕದ ಯಾವುದೋ ಸರೋವರದ ದಡದಲ್ಲಿ ದೊರೆಗೆ ಜ್ವರ ಬಂದಾಗ, ಅಡುಗೆಯವನು ಕಾಡಿನ ಸೊಪ್ಪು ಜಜ್ಜಿ ಹುಳಿ ಮಜ್ಜಿಗೆಗೆ ಕಲಸಿ ಕುಡಿಸಿದ, ಗೊಣಗುತ್ತಲೇ ಕುಡಿದೆ, ಬದುಕಿದೆ ಎಂದು ಬರೆದಿದ್ದ. ಅದನ್ನು ಹೇಳುತ್ತಿದ್ದಂತೆ ಭಟ್ಟರು ಎದ್ದು ನಿಂತುಬಿಟ್ಟರು. "ಹೋಯ್, ಇದ್ ತಂಬುಳಿ! ನಮ್ ಮನೆ ತಂಬುಳಿ!" ಕಣ್ಣಲ್ಲಿ ನೀರು. ಈರುಳ್ಳಿಯದು ಎಂದರು. ಆ ಕ್ಷಣ ಅವರದೇ ಮಗಳೇನೋ ಅನ್ನುವ ಹಾಗೆ ನಾನೂ ಚಪ್ಪಾಳೆ ತಟ್ಟಿದ್ದು ನೆನಪಿದೆ.

ಓದು ಮುಗಿದ ಮೇಲೂ ಸಂಜೆಯವರೆಗೆ ಅಲ್ಲೇ ಇರುತ್ತಿದ್ದೆ. ಭಟ್ಟರು ಒಂದು ಡಬ್ಬಿಯಲ್ಲಿ ಮಂಗಳವಾರಕ್ಕೆ ಸಾರು ಹಾಕಿ ಕೊಡುವರು. ಆಫೀಸಿನಲ್ಲಿ ವಾರವಿಡೀ ಯಾರು ಏನಂದರೂ, ಸೋಮವಾರ ಬರುತ್ತದೆ ಬಿಡು ಅನ್ನಿಸುತ್ತಿತ್ತು...

ಮೂರನೇ ಸಂಪುಟ ಕೈಗೆ ಬಂದಾಗ ಮಹಾಲಯಕ್ಕೆ ಮೂರು ವಾರ ಉಳಿದಿತ್ತು. ಬೇಗ ಮುಗಿಯಲಿ ಎಂದು ಭಟ್ಟರು ಪುಸ್ತಕ ನನ್ನ ಕೈಯಲ್ಲೇ ಕೊಟ್ಟು ಕಳಿಸಿದ್ದರು. ಟ್ಯೂಬಿನಲ್ಲಿ ನಿಂತು ಓದುತ್ತಿದ್ದಾಗ ಆ ಪುಟ ಬಂತು. ದೊರೆ ಬರೆದಿದ್ದ: ನನ್ನ ಅಡುಗೆಯವರನ್ನೆಲ್ಲ ನಾನು ಸ್ಯಾಮ್ ಎಂದೇ ಕರೆಯುತ್ತಿದ್ದೆ, ಹೊಸಬ ಬಂದಾಗಲೆಲ್ಲ ಹೊಸ ಹೆಸರು ಕಲಿಯುವ ತಾಪತ್ರಯವಿಲ್ಲ. ಕನ್ನಡ ಸೀಮೆಯ ಸ್ಯಾಮ್ ಮೊದಲ ಒಂದು ವಾರ ಓಗೊಡಲಿಲ್ಲ, ಆಮೇಲೆ ದಾರಿಗೆ ಬಂದ. ಇಪ್ಪತ್ತು ವರ್ಷ ನನ್ನ ಜೊತೆಗಿದ್ದು, ಲಂಡನ್ನಿನ ಮೊದಲ ಚಳಿಗಾಲದಲ್ಲೇ ಎದೆಯ ಕಾಯಿಲೆಯಿಂದ ತೀರಿಕೊಂಡ. ಕೊನೆಗೆ ಗಂಜಿ ಕೇಳಿದನಂತೆ, ನಮ್ಮ ಮನೆಯಲ್ಲಿ ಯಾರಿಗೂ ಅದನ್ನು ಮಾಡಲು ಬರುತ್ತಿರಲಿಲ್ಲ. ಅದರ ಮುಂದಿನ ಸಾಲಿನಲ್ಲೇ ಪಾರ್ಲಿಮೆಂಟಿನ ಔತಣಕೂಟ ಶುರು.

ಮುಂದಿನ ಸೋಮವಾರ ನಾನು ಆ ಹಾಳೆಯನ್ನು ಹಿಂದಿನದರ ಜೊತೆ ಸೇರಿಸಿ ಮಗುಚಿದೆ. "ಹೆಸ್ರ್ ಬಂತಾ?" ಎಂದರು. "ಇಲ್ರಿ" ಎಂದೆ.

ಅವರ ಮನಸ್ಸು ಒಡೆಯುತ್ತದೆ, ಇಂಥ ಹೆಸರು ಹೇಗೆ ಹೇಳಲಿ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸುಳ್ಳಲ್ಲ ಅದು. ಆದರೆ ಪೂರ್ತಿ ನಿಜವೂ ಅಲ್ಲ. ಹೆಸರು ಸಿಕ್ಕಿದರೆ ಪುಸ್ತಕ ಮುಗಿಯಿತು. ಪುಸ್ತಕ ಮುಗಿದರೆ ಭಟ್ಟರಿಗೆ ನನ್ನಿಂದ ಇನ್ನೇನು ಆಗಬೇಕು? ಸೋಮವಾರ ಯಾವ ನೆವ ಹೇಳಿಕೊಂಡು ಆ ಶಟರ್ ಬಡಿಯಲಿ? ಆ ಕೋಣೆಯಲ್ಲಿ ಒಬ್ಬಳೇ ಕೂರುವ ಸೋಮವಾರಗಳಿಗೆ ಹೆದರಿ ಒಬ್ಬ ಮುದುಕನಿಂದ ಅವನ ಮುತ್ತಜ್ಜನ ಹೆಸರನ್ನು ಬಚ್ಚಿಟ್ಟೆ. ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮಹಾಲಯ ಬಂತು. ಹೋಟೆಲಿನ ಹಿತ್ತಿಲಲ್ಲಿ ಹರಿವಾಣವಿಟ್ಟು ಭಟ್ಟರು ಎಳ್ಳುನೀರು ಬಿಟ್ಟರು. ಒಳಬಂದು ಕೈ ಒರೆಸಿಕೊಳ್ಳುತ್ತಾ, "ಈ ವರ್ಷವೂ ನುಂಗಿದೆ" ಎಂದರು. ಅಷ್ಟೇ.

ಆ ಮಾತು ನನ್ನನ್ನು ಡಿಸೆಂಬರಿನವರೆಗೆ ತಿಂದಿತು. ಕೊನೆಗೆ ತಾಳಲಾರದೆ ಒಂದು ಸೋಮವಾರ ಗಂಜಿ ತಟ್ಟೆ ಪಕ್ಕಕ್ಕೆ ಸರಿಸಿ ಆ ಪುಟ ತೆಗೆದು ಓದಿದೆ. ಮೂರು ಸಲ ಓದಿಸಿದರು. ಆಮೇಲೆ ಎದ್ದು ಹೋಗಿ ಹೊಸದಾಗಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟರು. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಗೊತ್ತಲ್ಲ, ಅಷ್ಟೂ ಹೊತ್ತು ಒಲೆಯ ಮುಂದೆಯೇ ನಿಂತರು. ಗಂಜಿ ಆರಿಸಿ, ಬಾಳೆಲೆಯ ತುಂಡಿನಲ್ಲಿ ಹಾಕಿ ಹಿತ್ತಿಲ ಗೋಡೆಯ ಮೇಲಿಟ್ಟರು. ಕಾಗೆ ಬರಲಿಲ್ಲ, ಪಾರಿವಾಳ ಬಂದವು. ಭಟ್ಟರು ಓಡಿಸಲಿಲ್ಲ.

"ಸ್ಯಾಮ್..." ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿದರು. "ಇಪ್ಪತ್ತ್ ವರ್ಷ ಆ ಹೆಸ್ರಿಗೆ ಓ ಅಂದಿದ್ರಲೆ. ನಾ ಕರದ್ರೆ ಓ ಅನ್ನುದಿಲ್ಯಾ?"

ನಾನು ಅಳತೊಡಗಿದೆ. ಮಹಾಲಯಕ್ಕೆ ಮುಂಚೆಯೇ ಗೊತ್ತಿತ್ತು ಎಂದೆ. ಯಾಕೆ ಮುಚ್ಚಿಟ್ಟೆ ಎಂಬುದನ್ನೂ, ಸೋಮವಾರಗಳ ಹೆದರಿಕೆಯನ್ನೂ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಗಂಜಿ ತಟ್ಟೆಯನ್ನು ಮತ್ತೆ ನನ್ನ ಮುಂದೆ ಸರಿಸಿದರು.

"ಮರ್ಲ್ ಹೆಣ್ಣೇ" ಎಂದರು. ಹುಚ್ಚು ಹುಡುಗಿ ಅಂತ. "ಪುಸ್ತಕ ಮುಗದ್ರೆ ಮೊದ್ಲಿಂದ ಓದ್ಲಕ್ಕಲೆ. ಮುಂದಿನ್ ಸೋಮವಾರ ಒಂದ್ನೇ ಪುಸ್ತಕ ಶುರು ಮಾಡುವ. ಅಡುಗೆಯವ ಅಂತ ಇಪ್ಪಲ್ಲೆಲ್ಲ ಹೆಸ್ರ್ ಹಾಕಿ ಓದ್."

ಪುಸ್ತಕ ಮುಗಿದ ಮೇಲೂ ಬರಲೇ ಎಂದು ಕೇಳಿದ್ದರೆ ಆಗಲೇ ಹೇಳುತ್ತಿದ್ದರು. ನಾನು ಕೇಳಲೇ ಇಲ್ಲ.

ಪ್ರತಿ ತಿಂಗಳೂ ಅಮಾವಾಸ್ಯೆ ಬರುತ್ತದಲ್ಲ, ನಾಡಿದ್ದೇ ನೀರು ಬಿಡಿ ಎಂದು ಗೋಗರೆದೆ. ಒಪ್ಪಲಿಲ್ಲ. ಮಹಾಲಯಕ್ಕೆ ಎಲ್ಲ ಪಿತೃಗಳೂ ಒಟ್ಟಿಗೆ ಬರುತ್ತಾರೆ, ಯಾರು ಅವರನ್ನು ಪಂಕ್ತಿಯಿಂದ ಎಬ್ಬಿಸಿದ್ದರೋ ಅವರ ಪಕ್ಕದಲ್ಲೇ ಕೂರಿಸಿ ಕರೆಯಬೇಕು ಎಂದು ಹಟ. "ಇಷ್ಟ್ ವರ್ಷ ಕಾದಿರ್, ಇನ್ನೊಂದ್ ಒಂಬತ್ತ್ ತಿಂಗ್ಳ್ ಅಲ್ದಾ" ಎಂದರು.

ಮೊದಲ ಸಂಪುಟ ಮತ್ತೆ ಓದಿದೆವು. ಸ್ಯಾಮ್ ತಂಬುಳಿ ಮಾಡಿದರು, ಸ್ಯಾಮ್ ನದಿ ದಾಟಿದರು, ಸ್ಯಾಮ್ ದೊರೆಗೆ ಬೈದರು... ಕೊನೆಯದು ಭಟ್ಟರೇ ಸೇರಿಸಿದ್ದು. ಅಷ್ಟು ನಕ್ಕಿದ್ದು ನಾನು ಈ ಊರಿನಲ್ಲಿ ಮತ್ತೆಂದೂ ಇಲ್ಲ. ಎರಡನೇ ಸಂಪುಟದ ಅರ್ಧದಲ್ಲಿದ್ದಾಗ, ಆಷಾಢ ಮಾಸದಲ್ಲಿ, ಅಡುಗೆಮನೆಯಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಎರಡು ದಿನ. ಮಾತು ಬರಲಿಲ್ಲ, ನನ್ನ ಕೈ ಹಿಡಿದುಕೊಂಡೇ ಇದ್ದರು. ಅವರು ತೀರಿಕೊಂಡಾಗ ಮಹಾಲಯಕ್ಕೆ ಇನ್ನೂ ಎರಡು ತಿಂಗಳಿತ್ತು.

ಈಗ ಆ ಹೋಟೆಲ್ ಇಲ್ಲ. ಹೇಸ್‌ನ ಕೆಲಸ ಬಿಟ್ಟು ಬೇರೆ ಹಿಡಿದೆ, ಮನೆ ಬದಲಿಸಿದೆ, ಸೋಮವಾರ ಎಲ್ಲರಂತೆ ಮನೆಯಿಂದ ಲ್ಯಾಪ್‌ಟಾಪ್ ತೆರೆಯುತ್ತೇನೆ. ಮಾತಿಲ್ಲದ ದಿನಗಳು ಅಭ್ಯಾಸವಾಗಿವೆ. ಮುಂದಿನ ವಾರ ಮಹಾಲಯ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಎಳ್ಳುನೀರಿನ ಪದ್ಧತಿ ಇಲ್ಲ, ನಾನು ಆ ಕುಲದವಳೂ ಅಲ್ಲ, ನನಗೆ ಬಿಡುವ ಹಕ್ಕಿಲ್ಲ. ಭಟ್ಟರ ನಂತರ ಆ ವಂಶದಲ್ಲಿ ಬಿಡುವವರೂ ಇಲ್ಲ.

ಸತ್ತ ಆ ಅಡುಗೆಯವರನ್ನು ಅವರ ಮನೆಯವರೇ ನೀರು ಬಿಟ್ಟು ಹೆಸರು ಹಿಡಿದು ಕರೆಯಬಹುದಾಗಿದ್ದ ಮಹಾಲಯ ಅಮಾವಾಸ್ಯೆ ಒಂದೇ ಒಂದಿತ್ತು. ಆ ದಿನ ಭಟ್ಟರು ಹಿತ್ತಿಲಲ್ಲಿ ಹೆಸರು ನುಂಗುತ್ತಿದ್ದಾಗ ಪುಸ್ತಕ ನನ್ನ ಚೀಲದಲ್ಲಿತ್ತು. ಆಮೇಲೆ ಅವರು ಊಟಕ್ಕೆ ಕರೆದರು, ನಾನು ಕೂತು ಎರಡನೇ ಸಲವೂ ಪಾಯಸ ಹಾಕಿಸಿಕೊಂಡೆ.